ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸ್ಲಿಪ್ ಆಗುತ್ತಿದೆಯೇ? ಬಿಚ್ಚಿಸುವ ಮುನ್ನ ಇಷ್ಟು ನೋಡಿ

ಖಂಡಾಲಾ ಘಾಟ್‌ನ ಏರಿನಲ್ಲಿ ಎಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಸರ್ರನೆ ನಾಲ್ಕು ಸಾವಿರಕ್ಕೆ ಏರುತ್ತದೆ, ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ನಲವತ್ತರಲ್ಲೇ ಇರುತ್ತದೆ. ಗೇರ್‌ಬಾಕ್ಸ್ ಸ್ಲಿಪ್ ಎಂದರೆ ಇದೇ. ಗ್ಯಾರೇಜಿಗೆ ಹೋದರೆ ಮೊದಲು ಕೇಳಿಬರುವ ಮಾತು "ಪ್ಲೇಟ್ ಗಯಾ ಸಾಬ್, ಪೂರಾ ಖೋಲ್ನಾ ಪಡೇಗಾ" (ಪ್ಲೇಟ್ ಹೋಗಿದೆ, ಪೂರ್ತಿ ಬಿಚ್ಚಬೇಕು). ಅದು ನಿಜವೂ ಇರಬಹುದು. ಆದರೆ ಕ್ಲಚ್ಚಿನ ಈ ಪ್ಲೇಟುಗಳು ಸುಮ್ಮಸುಮ್ಮನೆ ಸುಡುವುದಿಲ್ಲ. ಪಂಪು ಆಯಿಲ್‌ಗೆ ಒತ್ತಡ ಕೊಡುತ್ತದೆ, ವಾಲ್ವ್ ಬಾಡಿ ಆ ಒತ್ತಡವನ್ನು ಬೇಕಾದ ಕ್ಲಚ್‌ಗೆ ಕಳಿಸುತ್ತದೆ, ಪಿಸ್ಟನ್ ಪ್ಲೇಟುಗಳನ್ನು ಅದುಮಿ ಹಿಡಿಯುತ್ತದೆ. ಅದುಮುವ ಒತ್ತಡ ಎಲ್ಲೋ ಸೋರಿಹೋದಾಗ ಪ್ಲೇಟು ಜಾರಿ, ಬಿಸಿಯಾಗಿ, ಸುಡುತ್ತದೆ. ಒತ್ತಡ ಯಾಕೆ ಬಿತ್ತು ಎಂದು ಹುಡುಕದೆ ಹೊಸ ಪ್ಲೇಟ್ ಕೂರಿಸಿದರೆ ಅವೂ ಅದೇ ದಾರಿ ಹಿಡಿಯುತ್ತವೆ. ಹಾಗಾಗಿ ಕೆಳಗಿನ ಹೆಜ್ಜೆಗಳನ್ನು ಅಗ್ಗದಿಂದ ದುಬಾರಿಯ ಕಡೆಗೆ, ಇದೇ ಕ್ರಮದಲ್ಲಿ ನೋಡಿ.

ಯಾವ ಗೇರ್‌ಬಾಕ್ಸ್?

"ಆಟೋಮ್ಯಾಟಿಕ್" ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಯಂತ್ರಗಳು ಮಾರಾಟವಾಗುತ್ತವೆ. ಗೇರ್ ಲಿವರ್ ನೋಡಿ: ಪಿ ಎಂಬ ಸ್ಥಾನವೇ ಇಲ್ಲದೆ ಆರ್, ಎನ್, ಡಿ, ಎಂ ಮಾತ್ರ ಇದ್ದರೆ ಅದು ಬಹುತೇಕ ಎಎಂಟಿ. 2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿಗೆ ಬಂದದ್ದು ಇದು. ಒಳಗೆ ಸಾಮಾನ್ಯ ಮ್ಯಾನ್ಯುಯಲ್ ಗೇರ್‌ಬಾಕ್ಸೇ ಇರುತ್ತದೆ, ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಹೋಂಡಾ ಸಿಟಿ, ಅಮೇಜ್‌ನ ಈಚಿನ ಮಾದರಿಗಳಲ್ಲಿರುವುದು ಸಿವಿಟಿ, ಅಂದರೆ ಗೇರುಗಳ ಬದಲು ಬೆಲ್ಟು, ಪುಲಿ ಇರುವಂಥದ್ದು. ಪೋಲೊ ಜಿಟಿ ಟಿಎಸ್‌ಐ, ಏಳು ಗೇರಿನ ಡಿಸಿಟಿ (ಜೋಡಿ ಕ್ಲಚ್ಚಿನ ಬಾಕ್ಸ್) ಇರುವ ಕ್ರೆಟಾ, ಸೆಲ್ಟೊಸ್‌ಗಳಲ್ಲಿ ಎರಡು ಒಣ ಕ್ಲಚ್. ಇನೊವಾ ಕ್ರಿಸ್ಟಾ, ಫಾರ್ಚುನರ್, ಸಿಯಾಜ್, ಎರ್ಟಿಗಾಗಳಲ್ಲಿ ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ, ಹಳೆಯ ಕ್ರಮದ ಟಾರ್ಕ್ ಕನ್ವರ್ಟರ್. ಇಲ್ಲಿ ಹೆಚ್ಚಿನ ಮಾತು ಈ ಟಾರ್ಕ್ ಕನ್ವರ್ಟರ್ ಬಗ್ಗೆಯೇ, ಉಳಿದ ಮೂರು ಕೊನೆಯಲ್ಲಿವೆ. ನಿಮ್ಮದು ಯಾವುದೆಂದು ಗೊತ್ತಿಲ್ಲದೆ ಆಯಿಲ್ ಡಬ್ಬಿ ಕೊಳ್ಳಲೇಬೇಡಿ.

ಓಡಿಸಿ ನೋಡುವಾಗ

ಎಂಜಿನ್ ಬಲ ಕುಗ್ಗಿದ್ದರೂ ಗಾಡಿ ಎಳೆಯುವುದಿಲ್ಲ. ಆದರೆ ಆಗ ಆರ್‌ಪಿಎಂ ಕೂಡ ಏರದೆ ಒದ್ದಾಡುತ್ತದೆ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಮಾತ್ರ ಸ್ಲಿಪ್. ನಿಂತಲ್ಲಿಂದ ಹೊರಡುವಾಗ ಮಂಕಾಗಿ, ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಓಡಿದರೆ ಅದು ಲಿಂಪ್ ಮೋಡ್. ಕಂಪ್ಯೂಟರ್ ಏನೋ ದೋಷ ಕಂಡು ಬೇಕೆಂದೇ ಹಾಗೆ ಮಾಡಿದೆ, ನೇರ ಸ್ಕ್ಯಾನಿಂಗ್‌ಗೆ (ದೋಷದ ಕೋಡ್ ಓದಿಸಲು, ಅದು ಕೆಳಗಿದೆ) ಹೋಗಿ.

ಸ್ಲಿಪ್ ಎಂದು ಖಾತ್ರಿಯಾದ ಮೇಲೆ ಒಂದು ಚೀಟಿಯಲ್ಲಿ ಬರೆದಿಡಿ: ಯಾವ ಗೇರಿನಲ್ಲಿ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ರಿವರ್ಸ್‌ನಲ್ಲೂ ಇದೆಯೋ. ಈ ಚೀಟಿಗೆ ಸ್ಕ್ಯಾನರ್‌ಗಿಂತ ಹೆಚ್ಚು ಬೆಲೆ. ಎಲ್ಲ ಗೇರಿನಲ್ಲೂ ರಿವರ್ಸ್‌ನಲ್ಲೂ ಜಾರಿದರೆ ಎಲ್ಲಕ್ಕೂ ಸಮಾನವಾದ ಜಾಗದಲ್ಲಿ ತೊಂದರೆ: ಆಯಿಲ್ ಮಟ್ಟ, ಕಟ್ಟಿಕೊಂಡ ಫಿಲ್ಟರ್, ಪಂಪು, ಒತ್ತಡ ನಿಯಂತ್ರಿಸುವ ವಾಲ್ವ್. ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ ಆರ್‌ಪಿಎಂ ಹಾರಿ ಬಿದ್ದರೆ ಆ ಗೇರಿನ ಕ್ಲಚ್, ಅದರ ಸೀಲ್ ಅಥವಾ ಅದರ ಸೊಲೆನಾಯ್ಡ್ (ಆಯಿಲ್ ದಾರಿ ತೆರೆದು ಮುಚ್ಚುವ, ಕರೆಂಟಿನಿಂದ ನಡೆಯುವ ವಾಲ್ವ್). ಬೆಳಗಿನ ಮೊದಲ ಸಲ ಡಿ ಹಾಕಿದಾಗ ಗಾಡಿ ಎರಡು ಸೆಕೆಂಡಿಗಿಂತ ಹೆಚ್ಚು ಯೋಚಿಸಿ, ಆಮೇಲೆ ದಡಕ್ಕೆಂದು ಹಿಡಿದು, ಬಿಸಿಯಾದ ಮೇಲೆ ಸರಿಯಾದರೆ ರಬ್ಬರ್ ಸೀಲುಗಳು ಗಟ್ಟಿಯಾಗಿವೆ ಎಂದು ಸಂಶಯಿಸಿ. ಇದಕ್ಕೆ ತಿರುಗುಮುರುಗಾಗಿ ಪುಣೆಯ ಹಿಂಜವಡಿಯ ಜಾಮಿನಲ್ಲಿ ಒಂದು ಗಂಟೆ ತೆವಳಿದ ಮೇಲಷ್ಟೇ ಜಾರತೊಡಗಿದರೆ, ಬಿಸಿಗೆ ತೆಳುವಾದ ಆಯಿಲ್ ಸವೆದ ವಾಲ್ವ್ ಬಾಡಿಯ ಸಂದುಗಳಲ್ಲಿ ಸೋರುತ್ತಿದೆ.

ಇನ್ನೊಂದು ಬಗೆ ಇದೆ, ಜನ ಇದನ್ನು ಟೈರ್ ಬ್ಯಾಲೆನ್ಸಿಂಗ್ ತೊಂದರೆ ಎಂದುಕೊಂಡು ದುಡ್ಡು ಕಳೆಯುತ್ತಾರೆ. ಅರವತ್ತು, ಎಂಬತ್ತರ ಸಮ ವೇಗದಲ್ಲಿ ಗಾಡಿ ರಸ್ತೆಯ ರಂಬ್ಲರ್ ಪಟ್ಟಿಗಳ ಮೇಲೆ ಹೋದ ಹಾಗೆ ನಡುಗುತ್ತದೆ. ಎಕ್ಸಿಲರೇಟರ್ ಹಾಗೇ ಇಟ್ಟು, ಹಿಂದೆ ಯಾರೂ ಇಲ್ಲದಾಗ ಎಡಗಾಲಿನಿಂದ ಬ್ರೇಕ್ ಪೆಡಲ್ ಸ್ವಲ್ಪವೇ ಮುಟ್ಟಿ. ಬ್ರೇಕ್ ಲೈಟ್ ಉರಿದ ಕೂಡಲೇ ಎಂಜಿನ್ನನ್ನು ಗೇರ್‌ಬಾಕ್ಸಿಗೆ ನೇರ ಬೆಸೆಯುವ, ಟಾರ್ಕ್ ಕನ್ವರ್ಟರಿನ ಲಾಕ್‌ಅಪ್ ಕ್ಲಚ್ ಬಿಟ್ಟುಕೊಳ್ಳುತ್ತದೆ, ಆರ್‌ಪಿಎಂ ಇನ್ನೂರು ಮುನ್ನೂರು ಏರುತ್ತದೆ. ಅದೇ ಗಳಿಗೆಯಲ್ಲಿ ನಡುಕ ನಿಂತರೆ ತಪ್ಪು ಟೈರಿನದ್ದಲ್ಲ, ಲಾಕ್‌ಅಪ್ಪಿನದು. ಇದು ಬೇಗ ಗೊತ್ತಾದರೆ ಸರಿಯಾದ ಆಯಿಲ್ ಬದಲಾವಣೆಯಿಂದಲೇ ಹಲವು ಸಲ ಸರಿಹೋಗುತ್ತದೆ.

ಆಯಿಲ್: ಮಟ್ಟ, ಬಣ್ಣ, ವಾಸನೆ

ಡಿಪ್‌ಸ್ಟಿಕ್ ಇರುವ ಗಾಡಿಯಾದರೆ ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಸಮನೆಲದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡು ಪಿ, ಆರ್, ಎನ್, ಡಿ ಪ್ರತಿಯೊಂದರಲ್ಲೂ ಕೆಲವು ಸೆಕೆಂಡ್ ತಡೆದು ಮತ್ತೆ ಪಿ‌ಗೆ ತನ್ನಿ. ಎಂಜಿನ್ ಓಡುತ್ತಿರುವಾಗಲೇ ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ, "ಹಾಟ್" ಗುರುತುಗಳ ನಡುವೆ ಇದೆಯೇ ನೋಡಿ. ಹೋಂಡಾದ ಹಳೆಯ ಟಾರ್ಕ್ ಕನ್ವರ್ಟರ್ ಗಾಡಿಗಳಲ್ಲಿ ಮಾತ್ರ ಕ್ರಮ ಬೇರೆ: ಎಂಜಿನ್ ಆರಿಸಿ 60ರಿಂದ 90 ಸೆಕೆಂಡಿನ ಒಳಗೆ ನೋಡಬೇಕು. ಗಾಡಿಗಳನ್ನು ಒಂದರ ಮೇಲೊಂದು ನಿಲ್ಲಿಸುವ ಸೊಸೈಟಿಯ ಪಜಲ್ ಪಾರ್ಕಿಂಗ್‌ನ ತಟ್ಟೆ ಎಷ್ಟೋ ಕಡೆ ಓರೆಯಾಗಿರುತ್ತದೆ, ಅದರ ಮೇಲೆ ಮಟ್ಟ ನೋಡಬೇಡಿ. (ಕೆಳಗಿನ ಗಾಡಿಯ ಬಾನೆಟ್ ಮೇಲೆ ಕೆಂಪು ಹನಿ ಬಿದ್ದಿದೆ ಎಂದು ನೆರೆಯವರು ಹೇಳಿದರೆ ಜಗಳಕ್ಕಿಳಿಯುವ ಮೊದಲು ನಿಮ್ಮ ಗೇರ್‌ಬಾಕ್ಸ್ ಬುಡ ನೋಡಿ. ಪುಕ್ಕಟೆ ಸಿಕ್ಕ ಸುಳಿವು ಅದು.)

ಈಚಿನ ಗಾಡಿಗಳಲ್ಲಿ ಕಡ್ಡಿಯೇ ಇಲ್ಲ, ಓವರ್‌ಫ್ಲೋ ಪ್ಲಗ್ ಇರುತ್ತದೆ. ರ್‍ಯಾಂಪ್ ಮೇಲೆ ಸಮನಾಗಿ ಎತ್ತಿ, ಎಂಜಿನ್ ಚಾಲೂ ಇಟ್ಟು, ಆಯಿಲ್ ಉಷ್ಣತೆ ಕಂಪನಿ ಹೇಳಿದ ಮಿತಿಯಲ್ಲಿದ್ದಾಗ ಆ ಪ್ಲಗ್ ಬಿಚ್ಚಬೇಕು. ಹಲವು ಬಾಕ್ಸ್‌ಗಳಲ್ಲಿ ಈ ಮಿತಿ 35ರಿಂದ 45 ಡಿಗ್ರಿ ಸೆಲ್ಸಿಯಸ್ ಆಸುಪಾಸು. ತೆಳ್ಳಗೆ ಹನಿಹನಿಯಾಗಿ ಬಂದರೆ ಮಟ್ಟ ಸರಿ. ಏನೂ ಬಾರದಿದ್ದರೆ ಕಡಿಮೆ, ಧಾರೆಯಾಗಿ ಬಂದರೆ ಹೆಚ್ಚು. ಬಿಸಿಗೆ ಆಯಿಲ್ ಹಿಗ್ಗುವುದರಿಂದ 80 ಡಿಗ್ರಿಯಲ್ಲಿ "ಸರಿ" ಎಂದು ಕಂಡ ಮಟ್ಟ ನಿಜಕ್ಕೂ ಕಡಿಮೆಯೇ. ಉಷ್ಣತೆ ನೋಡದೆ ಪ್ಲಗ್ ಬಿಚ್ಚುವ ಗ್ಯಾರೇಜಿನಲ್ಲಿ ಗಾಡಿ ಬಿಡುವುದು ಬೇಡ. ಹೆಚ್ಚು ತುಂಬಿದರೂ ಕೆಡುಕೇ: ಗೇರುಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ, ನೊರೆಯಲ್ಲಿ ಗಾಳಿ ಇರುವುದರಿಂದ ಒತ್ತಡ ನಿಲ್ಲುವುದಿಲ್ಲ, ಮತ್ತೆ ಸ್ಲಿಪ್.

ಬಿಳಿ ಟಿಶ್ಯೂ ಮೇಲೆ ನಾಲ್ಕು ಹನಿ ಹಾಕಿ. ಕೆಂಪು ಅಥವಾ ತಿಳಿಗಂದು ಪರವಾಗಿಲ್ಲ. ಕಡುಗಂದು ಇದ್ದರೆ ಬದಲಿಸುವ ಕಾಲ ಮೀರಿದೆ. ಕಪ್ಪಾಗಿ, ಸುಟ್ಟ ವಾಸನೆ ಹೊಡೆದು, ಬೆರಳ ನಡುವೆ ಉಜ್ಜಿದರೆ ಸಣ್ಣ ಮರಳಿನಂತೆ ಸಿಕ್ಕರೆ ಪ್ಲೇಟಿನ ಲೈನಿಂಗ್ (ಹಿಡಿತ ಕೊಡುವ ಪದರ) ಉದುರಿದೆ. ಅಲ್ಲಿಂದ ಮುಂದೆ ಬರೀ ಆಯಿಲ್ ಬದಲಿಸಿ ಗುಣ ಕಾಣುವುದು ಕಷ್ಟ.

ಮಟ್ಟ ಕಡಿಮೆ ಇದ್ದರೆ ಅದು ಎಲ್ಲಿಗೋ ಹೋಗಿರಲೇಬೇಕು, ಈ ಆಯಿಲ್ ಎಂಜಿನ್ ಆಯಿಲ್ ಹಾಗೆ ಉರಿದುಹೋಗುವುದಿಲ್ಲ. ರಾತ್ರಿ ಕೆಳಗೆ ರಟ್ಟು ಹಾಸಿಡಿ. ಡ್ರೈವ್ ಶಾಫ್ಟ್ ಸೀಲ್, ಪ್ಯಾನ್ (ಬಾಕ್ಸಿನ ತಳದ ತಟ್ಟೆ) ಗ್ಯಾಸ್ಕೆಟ್, ಕೂಲರ್ ಪೈಪ್ ಇವೆಲ್ಲ ಹೊರಗಿನಿಂದ ಸರಿಯಾಗುತ್ತವೆ. ಎಂಜಿನ್ ಗೇರ್‌ಬಾಕ್ಸ್ ಕೂಡುವ ಬೆಲ್ ಹೌಸಿಂಗ್‌ನಿಂದ ಇಳಿದರೆ ಪಂಪಿನ ಮುಂದಿನ ಸೀಲ್, ಅದಕ್ಕೆ ಬಾಕ್ಸ್ ಇಳಿಸಬೇಕು. ಗೋವಾದಲ್ಲಿ ಕಡಲಿಗೆ ಹತ್ತಿರ ನಿಲ್ಲುವ ಗಾಡಿಗಳಲ್ಲಿ ಕೂಲರಿನ ಕಬ್ಬಿಣದ ಪೈಪು, ತಗಡಿನ ಪ್ಯಾನ್ ಉಪ್ಪುಗಾಳಿಗೆ ತುಕ್ಕು ಹಿಡಿದು ಸಣ್ಣಗೆ ಒಸರುವುದುಂಟು. ಮೇಲಿನಿಂದ ನೋಡಿದರೆ ಕಾಣದು, ಕೆಳಗೆ ಮಲಗಿಯೇ ನೋಡಬೇಕು.

ಮಳೆನೀರಲ್ಲಿ ನಿಂತ ಗಾಡಿ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಂಥ ಊರು ಮುಂಬಯಿ. ಹಿಂದಮಾತಾ, ಅಂಧೇರಿ ಸಬ್‌ವೇಗಳಲ್ಲಿ ನೀರು ನಿಲ್ಲುವುದಕ್ಕೆ ಅಷ್ಟು ಮಳೆಯೂ ಬೇಡ. ಗೇರ್‌ಬಾಕ್ಸ್ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಸಣ್ಣ ಗಾಳಿಕಿಂಡಿ ಇರುತ್ತದೆ. ಬಿಸಿ ಬಾಕ್ಸ್ ತಣ್ಣನೆಯ ನೀರಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಆ ಕಿಂಡಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಎಂಜಿನ್‌ಗೆ ನೀರು ಹೋಗಿಲ್ಲ ಎಂದು ಸಮಾಧಾನಪಟ್ಟುಕೊಂಡು ಓಡಿಸಿದವರಿಗೆ ಕೆಲವು ವಾರಗಳಲ್ಲಿ ಸ್ಲಿಪ್ ಶುರುವಾಗುವುದು ಹೀಗೆ. ನೀರು ಸೇರಿದ ಆಯಿಲ್ ನಸುಗುಲಾಬಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಪ್ಲೇಟಿಗೆ ಲೈನಿಂಗ್ ಅಂಟಿಸಿದ ಗೋಂದು ನೀರಿಗೆ ಸಡಿಲವಾಗಿ ಲೈನಿಂಗ್ ಹಾಳೆಹಾಳೆಯಾಗಿ ಏಳುತ್ತದೆ.

ಮಳೆಯಲ್ಲಿ ನಿಂತಿರದ ಗಾಡಿಯಲ್ಲೂ ಈ ಬಣ್ಣ ಕಂಡರೆ ರೇಡಿಯೇಟರ್ ಒಳಗಿನ ಆಯಿಲ್ ಕೂಲರ್ ತೂತಾಗಿ ಕೂಲೆಂಟ್ ಬೆರೆತಿದೆ. ಆಗ ರೇಡಿಯೇಟರ್ ಸರಿಪಡಿಸದೆ ಗೇರ್‌ಬಾಕ್ಸ್ ಮುಟ್ಟಿ ಫಲವಿಲ್ಲ. ಎರಡರಲ್ಲಿ ಯಾವುದೇ ಆಗಲಿ, ಸ್ಟಾರ್ಟ್ ಮಾಡಬೇಡಿ, ನಾಲ್ಕೂ ಚಕ್ರ ಎತ್ತಿ ಒಯ್ಯುವ ಫ್ಲ್ಯಾಟ್‌ಬೆಡ್ ಕರೆಸಿ. ಬೇಗ ಹಿಡಿದರೆ ಎರಡು ಮೂರು ಸಲ ಖಾಲಿ ಮಾಡಿ ತುಂಬುವುದರಲ್ಲಿ ಉಳಿಯಬಹುದು. ದಿನಗಟ್ಟಲೆ ಓಡಿಸಿದ್ದರೆ ಬಿಚ್ಚಲೇಬೇಕು.

ಆಯಿಲ್ ಬದಲಿಸುವುದು

"ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ" ಎಂಬ ಮಾತನ್ನು ನಮ್ಮ ಬಿಸಿಲಿಗೆ, ಜಾಮಿಗೆ, ಘಾಟ್‌ಗಳಿಗೆ ಹೊಂದಿಸಿ ನೋಡಿ. 40ರಿಂದ 60 ಸಾವಿರ ಕಿಲೋಮೀಟರಿಗೆ ಬದಲಿಸುವುದು ಒಳ್ಳೆಯದು.

ತುಂಬುವ ಪ್ಲಗ್ ಮೊದಲು ಸಡಿಲಿಸಿ, ಡ್ರೈನ್ ಪ್ಲಗ್ ಆಮೇಲೆ. ಆಯಿಲ್ ಎಲ್ಲ ಇಳಿಸಿದ ಮೇಲೆ ತುಂಬುವ ಪ್ಲಗ್ ತುಕ್ಕು ಹಿಡಿದು ಬಾರದಿದ್ದರೆ ಗಾಡಿ ರ್‍ಯಾಂಪ್ ಮೇಲೆಯೇ ಕೂತಿತು. ಇಳಿದ ಆಯಿಲನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು, ಅಷ್ಟನ್ನೇ ಹೊಸದು ಹಾಕಿ, ಆಮೇಲೆ ಉಷ್ಣತೆ ನೋಡಿ ಮಟ್ಟ ಸರಿಮಾಡಿ. ಆರು ಗೇರಿನ ಬಾಕ್ಸಿನಲ್ಲಿ ಒಟ್ಟು 8 ಲೀಟರ್ ಇದೆ, ಒಮ್ಮೆಗೆ ಇಳಿಯುವುದು ಮೂರೂವರೆ ಎಂದಿಟ್ಟುಕೊಳ್ಳಿ. ಉಳಿದದ್ದು ಕನ್ವರ್ಟರ್ ಮತ್ತು ಕೂಲರಿನಲ್ಲೇ ಇರುತ್ತದೆ. ಒಂದು ಸಲಕ್ಕೆ ಹೊಸ ಆಯಿಲ್ ಪಾಲು ನೂರಕ್ಕೆ 44, ಎರಡನೆಯ ಸಲಕ್ಕೆ 68, ಮೂರನೆಯದಕ್ಕೆ 82. ಹಾಗಾಗಿ ನಡುನಡುವೆ ನೂರು ಕಿಲೋಮೀಟರ್ ಓಡಿಸಿ ಮೂರು ಸಲ ಮಾಡಿಸಿ. ಆಯಿಲ್ ಕಪ್ಪಾಗಿರುವ ಬಾಕ್ಸಿಗೆ ಯಂತ್ರದಿಂದ ಒತ್ತಡ ಹಾಕಿ ಫ್ಲಶ್ ಮಾಡಿಸಬೇಡಿ, ತಳದಲ್ಲಿದ್ದ ಕಸ ಎದ್ದು ವಾಲ್ವ್ ಬಾಡಿಯ ಕಿರುದಾರಿಗಳಲ್ಲಿ ಸಿಕ್ಕುತ್ತದೆ.

ಪ್ಯಾನ್ ಬಿಚ್ಚಿದಾಗ ನೀವೇ ಎದುರಿಗೆ ನಿಂತಿರಿ. ಒಳಗಿನ ಅಯಸ್ಕಾಂತಗಳಿಗೆ ಬೂದುಬಣ್ಣದ ನಯವಾದ ಪೇಸ್ಟ್ ಅಂಟಿರುವುದು ಸಹಜ. ಕಬ್ಬಿಣದ ಚೂರು, ಹಿತ್ತಾಳೆ ಹೊಳಪಿನ ತುಣುಕು, ಕಪ್ಪು ಹೊಟ್ಟು ರಾಶಿ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ನಿರ್ಧಾರಕ್ಕೆ ಅದೇ ಆಧಾರ. ಫಿಲ್ಟರ್, ಗ್ಯಾಸ್ಕೆಟ್ ಹೊಸದೇ ಹಾಕಿ. ಪ್ಯಾನ್ ಬೋಲ್ಟುಗಳಿಗೆ ಸಾಮಾನ್ಯವಾಗಿ 7ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕು. ಗಾಳಿ ಗನ್ನಿನಿಂದ ಬಿಗಿದರೆ ಪ್ಯಾನ್ ಅಂಚು ಸೊಟ್ಟಗಾಗಿ ಮತ್ತೆ ಸೋರುತ್ತದೆ.

ಆಯಿಲ್ ಗ್ರೇಡಿನಲ್ಲಿ ರಾಜಿ ಬೇಡ. ಟೊಯೊಟಾಗೆ ಡಬ್ಲ್ಯೂಎಸ್, ಹ್ಯುಂಡೈ ಆರು ಗೇರಿಗೆ ಎಸ್‌ಪಿ-4, ಹೋಂಡಾಗೆ ಡಿಡಬ್ಲ್ಯೂ-1, ಹೋಂಡಾ ಸಿವಿಟಿಗೆ ಎಚ್‌ಸಿಎಫ್-2, ಹೀಗೆ ಒಂದೊಂದಕ್ಕೆ ಒಂದೊಂದು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬರೆದದ್ದೇ ಡಬ್ಬಿಯ ಮೇಲೂ ಇರಬೇಕು. "ಸಬ್ ಮೇ ಚಲ್ತಾ ಹೈ" ಎಂಬ ಆಯಿಲ್ ಇಲ್ಲಿ ನಡೆಯುವುದಿಲ್ಲ.

ಸ್ಕ್ಯಾನರ್, ಒತ್ತಡದ ಗೇಜ್

ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಉಪಕರಣ ಬಹುಮಟ್ಟಿಗೆ ಎಂಜಿನ್ ಕೋಡ್ ಮಾತ್ರ ಓದುತ್ತದೆ. ಗೇರ್‌ಬಾಕ್ಸ್ ಕಂಪ್ಯೂಟರಿನ ಒಳಕ್ಕೆ ಹೋಗುವ ಸ್ಕ್ಯಾನರ್ ಬೇಕು. ಪಿ0700 ಬಂದರೆ ಅದರ ಅರ್ಥ "ಗೇರ್‌ಬಾಕ್ಸ್ ಕಂಪ್ಯೂಟರ್ ಏನೋ ಹೇಳುತ್ತಿದೆ, ಅಲ್ಲಿ ಕೇಳಿ" ಎಂದಷ್ಟೇ. ಪಿ0730 ಗೇರ್ ಅನುಪಾತ ತಪ್ಪಿದೆ ಎನ್ನುತ್ತದೆ, ಪಿ0731ರಿಂದ ಮುಂದೆ ಯಾವ ಗೇರೆಂದು ಬಿಡಿಸಿ ಹೇಳುತ್ತದೆ. ಪಿ0741 ಲಾಕ್‌ಅಪ್ಪಿನದು, ಪಿ0750ರ ಸರಣಿ ಶಿಫ್ಟ್ ಸೊಲೆನಾಯ್ಡ್‌ನದು, ಪಿ0868 ಒತ್ತಡ ಕಡಿಮೆ ಎಂಬುದು.

ಕೋಡ್ ಬರದಿದ್ದರೂ ಲೈವ್ ಡೇಟಾ (ಓಡುವಾಗಲೇ ತೋರುವ ಅಂಕಿಗಳು) ಮೋಸ ಮಾಡುವುದಿಲ್ಲ. ಟರ್ಬೈನ್ ವೇಗ (ಕನ್ವರ್ಟರಿನಿಂದ ಗೇರುಗಳಿಗೆ ಬರುವುದು) ಮತ್ತು ಔಟ್‌ಪುಟ್ ವೇಗ (ಬಾಕ್ಸಿನಿಂದ ಹೊರಹೋಗುವುದು) ಎರಡನ್ನೂ ತೆರೆದಿಡಿ. ಒಂದು ಗೇರಿನ ಅನುಪಾತ 1.5 ಆಗಿದ್ದು, ಔಟ್‌ಪುಟ್ 2000 ಇದ್ದರೆ ಟರ್ಬೈನ್ 3000 ಇರಲೇಬೇಕು. ಏರಿನಲ್ಲಿ ಅದು 3400 ತೋರಿಸಿದರೆ ಆ ಗೇರಿನ ಕ್ಲಚ್ 400 ಆರ್‌ಪಿಎಂ ಜಾರುತ್ತಿದೆ. ಟರ್ಬೈನ್ ಲೆಕ್ಕ ಸರಿಯಿದ್ದು, ಎಂಜಿನ್ ಮತ್ತು ಟರ್ಬೈನ್ ನಡುವೆ ಲಾಕ್‌ಅಪ್ ಹಿಡಿದಾಗಲೂ ದೊಡ್ಡ ಅಂತರ ಉಳಿದರೆ ತಪ್ಪು ಕನ್ವರ್ಟರಿನಲ್ಲಿ. ಬಾಕ್ಸ್ ಬಿಚ್ಚದೆಯೇ ಸಿಗುವ ಉತ್ತರ ಇದು. ಇಷ್ಟು ನೋಡದೆ "ಪೂರಾ ಖೋಲ್ನಾ ಪಡೇಗಾ" ಎನ್ನುವವನ ಮಾತು ಬರೀ ಊಹೆ.

ಮುಂದಿನದು ಗೇಜ್. ಬಾಕ್ಸಿನ ಮೈಮೇಲೆ ಒತ್ತಡ ನೋಡಲೆಂದೇ ಸಣ್ಣ ಪ್ಲಗ್ ಇರುತ್ತದೆ. ಅಲ್ಲಿ 20 ಬಾರ್ ವರೆಗಿನ ಗೇಜ್ ಜೋಡಿಸಿ, ಐಡಲ್‌ನಲ್ಲಿ ಡಿ, ಆರ್ ಎರಡರ ಒತ್ತಡವನ್ನೂ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಗೆ ಹೋಲಿಸಬೇಕು. ಎಲ್ಲದರಲ್ಲೂ ಕಡಿಮೆಯಿದ್ದರೆ ಫಿಲ್ಟರ್, ಪಂಪ್, ನಿಯಂತ್ರಕ ವಾಲ್ವ್. ಒಂದರಲ್ಲಿ ಮಾತ್ರ ಕಡಿಮೆಯಿದ್ದರೆ ಆ ದಾರಿಯ ಸೀಲ್ ಸೋರಿಕೆ. ಒತ್ತಡ ಸರಿಯಿದ್ದೂ ಜಾರಿದರೆ ಪ್ಲೇಟು ಸವೆದಿದೆ.

ಬ್ರೇಕ್ ಅದುಮಿ ಪೂರ್ತಿ ಎಕ್ಸಿಲರೇಟರ್ ಕೊಡುವ ಸ್ಟಾಲ್ ಟೆಸ್ಟ್ ಕೆಲವರಿಗೆ ಬಲು ಇಷ್ಟ. ಐದು ಸೆಕೆಂಡಿಗಿಂತ ಹೆಚ್ಚು ಮಾಡಿದರೆ ಚೆನ್ನಾಗಿದ್ದ ಕ್ಲಚ್ಚೂ ಬೇಯುತ್ತದೆ. ಸುಟ್ಟ ವಾಸನೆ ಬಂದ ಬಾಕ್ಸಿಗೆ ಬೇಡವೇ ಬೇಡ, ಸಿವಿಟಿ, ಎಎಂಟಿ, ಡಿಸಿಟಿಗಳಿಗಂತೂ ಮಾಡಲೇಬಾರದು.

ಸೊಲೆನಾಯ್ಡ್ ಸಂಶಯವಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಆನ್-ಆಫ್ ಬಗೆಯವು ಸಾಮಾನ್ಯವಾಗಿ 11ರಿಂದ 15 ಓಂ, ಒತ್ತಡ ಹೊಂದಿಸುವ ಲೀನಿಯರ್ ಬಗೆಯವು 5 ಓಂ ಆಸುಪಾಸು ತೋರಿಸುತ್ತವೆ. ಓಂ ಸರಿಯಿದ್ದೂ ಒಳಗಿನ ಸೂಜಿ ಕಸದಿಂದ ಸಿಕ್ಕಿಕೊಂಡಿರಬಹುದು, ಆದ್ದರಿಂದ ಕರೆಂಟ್ ಕೊಟ್ಟು "ಟಕ್" ಸದ್ದನ್ನೂ ಕೇಳಿ. ಇವನ್ನು ಪ್ಯಾನ್ ಬಿಚ್ಚಿ ಬದಲಿಸಬಹುದು, ಬಾಕ್ಸ್ ಇಳಿಸಬೇಕಾಗಿಲ್ಲ.

ಇಳಿಸಲೇಬೇಕಾದರೆ

ಎಸ್ಟಿಮೇಟಿನಲ್ಲಿ ನಾಲ್ಕು ಸಂಗತಿ ಬರೆದಿರಲೇಬೇಕು: ಗ್ಯಾಸ್ಕೆಟ್-ಸೀಲ್ ಪೂರ್ತಿ ಕಿಟ್, ಪ್ಲೇಟ್ ಸೆಟ್, ಟಾರ್ಕ್ ಕನ್ವರ್ಟರ್, ಕೂಲರ್. ಕೊನೆಯ ಎರಡನ್ನು ಬಿಟ್ಟು ಅಗ್ಗದ ಲೆಕ್ಕ ಕೊಡುವವರು ಬಹಳ. ಸುಟ್ಟ ಲೈನಿಂಗಿನ ಪುಡಿ ಕನ್ವರ್ಟರ್ ಒಳಗೂ ಕೂತಿರುತ್ತದೆ. ಬೆಸುಗೆ ಹಾಕಿ ಮುಚ್ಚಿದ ಡಬ್ಬಿ ಅದು, ತೊಳೆದರೆ ಹೋಗದು. ಕತ್ತರಿಸಿ ರಿಪೇರಿ ಮಾಡಿದ್ದು ಅಥವಾ ಹೊಸದು ಬೇಕು. ಕೂಲರನ್ನು ಎರಡೂ ದಿಕ್ಕಿನಿಂದ ತೊಳೆಯಬೇಕು, ಹರಿವು ಸರಿಯಿಲ್ಲದಿದ್ದರೆ ಬದಲಿಸಬೇಕು.

ಒಳ್ಳೆಯ ಮೆಕ್ಯಾನಿಕ್ ಬಿಚ್ಚಿದ ಕೂಡಲೇ ತೊಳೆಯುವುದಿಲ್ಲ. ಯಾವ ಕ್ಲಚ್ ಸುಟ್ಟಿದೆ ನೋಡಿ, ಆ ದಾರಿಯ ರಂಧ್ರಕ್ಕೆ ಎರಡು ಮೂರು ಬಾರ್ ಗಾಳಿ ಕೊಡುತ್ತಾನೆ. ಪಿಸ್ಟನ್ ದಪ್ ಎಂದು ಹೊಡೆದರೆ ಸೀಲ್ ಸರಿಯಿದೆ, ಬುಸ್ ಎಂದು ಸೋರಿದರೆ ಕಾರಣ ಸಿಕ್ಕಿತು. ನೀಲಿ ಕಲೆ ಬಿದ್ದ, ಬಾಗಿದ ಸ್ಟೀಲ್ ಪ್ಲೇಟುಗಳನ್ನೂ ಬದಲಿಸಬೇಕು. ಹೊಸ ಲೈನಿಂಗ್ ಪ್ಲೇಟುಗಳನ್ನು ಕೂರಿಸುವ ಮುನ್ನ ಅದೇ ಗ್ರೇಡಿನ ಆಯಿಲ್‌ನಲ್ಲಿ ಕನಿಷ್ಠ ಅರ್ಧ ಗಂಟೆ ನೆನೆಹಾಕಬೇಕು. ಒಣದಾಗಿ ಹಾಕಿದರೆ ಮೊದಲ ಕೆಲವು ಗೇರ್ ಬದಲಾವಣೆಯಲ್ಲೇ ಸುಡುತ್ತವೆ. ಪ್ಯಾಕ್ ಕೂಡಿಸಿದ ಮೇಲೆ ಫೀಲರ್ ಗೇಜಿನಿಂದ ಸಂದು ಅಳೆದು, ಬೇರೆ ದಪ್ಪದ ಸ್ನ್ಯಾಪ್ ರಿಂಗ್ ಹಾಕಿ ಪುಸ್ತಕದ ಅಳತೆಗೆ ತರಬೇಕು. ವಾಲ್ವ್ ಬಾಡಿಯ ಬೋಲ್ಟುಗಳು ಬೇರೆಬೇರೆ ಉದ್ದದವು, ಸಣ್ಣ ಗುಂಡುಗಳು ನಿಗದಿಯಾದ ಗೂಡಿನಲ್ಲೇ ಇರಬೇಕು. ರಟ್ಟಿನ ಮೇಲೆ ನಕ್ಷೆ ಬರೆದು ಬೋಲ್ಟುಗಳನ್ನು ಅದರಲ್ಲೇ ಚುಚ್ಚಿಡುವವನ ಕೈಯನ್ನು ನಂಬಬಹುದು.

ಕೂರಿಸುವಾಗ ಆಗುವ ದೊಡ್ಡ ಅನಾಹುತ ಒಂದೇ: ಕನ್ವರ್ಟರ್ ಪಂಪಿನೊಳಗೆ ಪೂರ್ತಿ ಇಳಿಯದಿರುವುದು. ತಿರುಗಿಸುತ್ತಾ ಒಳಕ್ಕೆ ತಳ್ಳಿ, ಒಂದೊಂದೇ ಹಂತ ಇಳಿದದ್ದು ಕೈಗೆ ಗೊತ್ತಾಗಬೇಕು. ಆಮೇಲೆ ಹೌಸಿಂಗ್ ಅಂಚಿನಿಂದ ಆಳ ಅಳೆಯಬೇಕು. ಇಳಿಯದ್ದನ್ನು ಬೋಲ್ಟ್ ಬಿಗಿದು ಎಳೆದುಕೊಂಡರೆ ಪಂಪು ಅಲ್ಲೇ ಒಡೆಯುತ್ತದೆ.

ಬಿಡಿಭಾಗಗಳಿಗೆ ಮುಂಬಯಿಯಲ್ಲಿ ಒಪೆರಾ ಹೌಸ್, ಪುಣೆಯಲ್ಲಿ ನಾನಾ ಪೇಠ್ ಸುತ್ತುವುದು ವಾಡಿಕೆ. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಬಾಕ್ಸ್ ಹುಡುಕುವವರು ಒಂದು ನೆನಪಿಡಿ: ನೀರಲ್ಲಿ ಮುಳುಗಿ ಗುಜರಿಗೆ ಹೋದ ಗಾಡಿಯದ್ದೂ ಆಗಿರಬಹುದು. ದುಡ್ಡು ಕೊಡುವ ಮೊದಲು ಡ್ರೈನ್ ಪ್ಲಗ್ ಬಿಚ್ಚಿಸಿ ಆಯಿಲ್ ಬಣ್ಣ ನೋಡಿ. ಬಾಕ್ಸಿನ ಮೇಲಿನ ಕೋಡ್ ನಿಮ್ಮದಕ್ಕೆ ಅಕ್ಷರಶಃ ಹೊಂದಬೇಕು.

ಉಳಿದ ಮೂರು

ಎಎಂಟಿ ಜಾರಿದರೆ ಒಣ ಕ್ಲಚ್ ಸವೆದಿದೆ. ಕ್ಲಚ್ ಸೆಟ್ ಬದಲಿಸಿ, ಸ್ಕ್ಯಾನರಿನಿಂದ ಕ್ಲಚ್ ಹಿಡಿಯುವ ಬಿಂದುವನ್ನು ಮತ್ತೆ ಕಲಿಸಬೇಕು. ಕಲಿಸದಿದ್ದರೆ ಹೊಸ ಕ್ಲಚ್ಚೂ ಎಗರಾಡುತ್ತದೆ. ಒಣ ಡಿಸಿಟಿಗೂ ಬಹುತೇಕ ಇದೇ ಮಾತು, ಕೂರಿಸಲು ವಿಶೇಷ ಟೂಲ್ ಬೇಕು. ಎರಡಕ್ಕೂ ಶತ್ರು ಒಂದೇ: ಏರಿನಲ್ಲಿ ಬ್ರೇಕ್ ಹಿಡಿಯದೆ ಎಕ್ಸಿಲರೇಟರಿನ ಮೇಲೇ ಗಾಡಿ ನಿಲ್ಲಿಸಿಕೊಳ್ಳುವುದು, ಜಾಮಿನಲ್ಲಿ ಇಂಚಿಂಚೇ ತೆವಳುವುದು. ಒಂದು ಗಾಡಿಯಷ್ಟು ಜಾಗ ಬಿಟ್ಟುಕೊಂಡು ಒಮ್ಮೆಲೇ ಮುಂದೆ ಹೋಗಿ ನಿಲ್ಲಿ.

ಸಿವಿಟಿಯಲ್ಲಿ ಉಕ್ಕಿನ ಬೆಲ್ಟು ಎರಡು ಪುಲಿಗಳ ನಡುವೆ ಒತ್ತಡದ ಬಲದಿಂದ ಹಿಡಿದಿರುತ್ತದೆ. ಒಮ್ಮೆ ಜಾರಿದರೆ ಪುಲಿಯ ಮೈ ಗೀರಾಗಿ ಪ್ರತಿ ಸಲವೂ ಜಾರುತ್ತದೆ. ಎಕ್ಸಿಲರೇಟರ್ ಜೋರಾಗಿ ಒತ್ತಿದಾಗ ಆರ್‌ಪಿಎಂ ಮೊದಲು ಏರಿ ವೇಗ ಆಮೇಲೆ ಬರುವುದು ಮಾತ್ರ ಇದರ ಸಹಜ ಗುಣ, ಅದನ್ನು ಸ್ಲಿಪ್ ಎಂದು ಹೆದರಬೇಡಿ. ನಡುಕ, ಕುಯ್ಯೆನ್ನುವ ಸದ್ದು ಜೊತೆಗಿದ್ದರೆ ಅನುಮಾನಿಸಿ. ಇದನ್ನು ಬಿಚ್ಚಿ ಕೂಡಿಸಬಲ್ಲವರು ಕಡಿಮೆ, ಹೆಚ್ಚಾಗಿ ಇಡೀ ಬಾಕ್ಸ್ ಬದಲಿಸುತ್ತಾರೆ.

ದಾರಿಯಲ್ಲಿ ಕೈಕೊಟ್ಟರೆ

ಚೌತಿಗೋ ಮೇ ರಜೆಗೋ ಊರಿಗೆ ಹೊರಟಾಗ ಕಶೇಡಿ, ಖಂಬಾಟ್ಕಿ ಅಥವಾ ಚೋರ್ಲಾ ಘಾಟ್‌ನಲ್ಲಿ ಸ್ಲಿಪ್ ಶುರುವಾದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಅರ್ಧ ಮುಕ್ಕಾಲು ಗಂಟೆ ತಣಿಯಲು ಬಿಡಿ. ಮಟ್ಟ ನೋಡಬಹುದಾದರೆ ನೋಡಿ. ಮತ್ತೆ ಜಾರಿದರೆ ಮುಂದೆ ಒತ್ತಾಯಿಸಬೇಡಿ. ಪಂಪು ತಿರುಗುವುದು ಎಂಜಿನ್ ಓಡಿದಾಗ ಮಾತ್ರ, ಹಗ್ಗ ಕಟ್ಟಿ ಎಳೆಸಿದರೆ ಗೇರುಗಳಿಗೆ ಆಯಿಲ್ ಇಲ್ಲದೆ ಒಳಗೆಲ್ಲ ಉಜ್ಜಿಹೋಗುತ್ತದೆ. ನಾಲ್ಕೂ ಚಕ್ರ ಎತ್ತಿ ಒಯ್ಯುವ ಫ್ಲ್ಯಾಟ್‌ಬೆಡ್ಡೇ ಆಗಬೇಕು.

ರಿಪೇರಿ ಆದ ಮೇಲೆ ಹಳೆಯ ಕ್ಲಚ್ ಹಿಡಿತಕ್ಕೆ ಕಂಪ್ಯೂಟರ್ ಹೊಂದಿಸಿಕೊಂಡಿದ್ದ ಲೆಕ್ಕವನ್ನು ಸ್ಕ್ಯಾನರಿನಿಂದ ಅಳಿಸಿ, ಗ್ಯಾರೇಜಿನವನ ಜೊತೆ ಹದಿನೈದು ಇಪ್ಪತ್ತು ಕಿಲೋಮೀಟರ್ ಹಗುರ ಕಾಲಿನಿಂದ ಎಲ್ಲ ಗೇರೂ ಬರುವ ಹಾಗೆ ಓಡಿಸಿ. ಹಳೆಯ ಪ್ಲೇಟುಗಳನ್ನು ಕೇಳಿ ಪಡೆಯಿರಿ, ಬಿಲ್ಲಿನಲ್ಲಿ ಗ್ಯಾರಂಟಿಯ ಅವಧಿ, ಕನ್ವರ್ಟರ್ ಬದಲಿಸಿದ್ದು ಎರಡನ್ನೂ ಬರೆಸಿ. ಮೊದಲ 500 ಕಿಲೋಮೀಟರ್ ಪೂರ್ತಿ ಭಾರ ಹೇರಿ ಘಾಟ್ ಹತ್ತಬೇಡಿ. 1000 ಕಿಲೋಮೀಟರಿಗೆ ಒಮ್ಮೆ ಆಯಿಲ್ ಇಳಿಸಿ ತುಂಬಿಸಿ, ಪ್ಯಾನ್ ಅಯಸ್ಕಾಂತ ಮತ್ತೆ ನೋಡಿ. ಈ ಸಲ ಬೂದು ಪೇಸ್ಟ್ ತೆಳ್ಳಗಿರಬೇಕು, ಚೂರುಗಳು ಇರಬಾರದು. ಇದ್ದರೆ ಗ್ಯಾರಂಟಿ ಮುಗಿಯುವ ಮೊದಲೇ ಗಾಡಿ ವಾಪಸ್ ಒಯ್ಯಿರಿ.